ಅಸುರನೊಡನೆ ಮಾತುಕತೆ

ದೇವ ಮತ್ತು ದೈತ್ಯರ ನಡುವಿನ ಗೆರೆ ಅವರವರ ಹುಟ್ಟುಗುಣದಲ್ಲೇ ಇದೆಯೇ, ಇಲ್ಲವೇ ಅವರೊಡನೆ ಮನುಷ್ಯ ಇಟ್ಟುಕೊಳ್ಳುವ ಸಂಬಂಧದಿಂದ ಮೂಡುತ್ತದೆಯೇ ಎಂಬುದು ಧರ್ಮಚಿಂತನೆಯ ಹಳೆಯ ಪ್ರಶ್ನೆಗಳಲ್ಲೊಂದು. ಈ ಪ್ರಶ್ನೆಯನ್ನು ಶಾಸ್ತ್ರಗ್ರಂಥದಷ್ಟೇ ಗಂಭೀರವಾಗಿ ಎತ್ತಿಕೊಂಡ ಆಧುನಿಕ ಕೃತಿಗಳಲ್ಲಿ, 1992ರ ಅಕ್ಟೋಬರಿನಲ್ಲಿ ಜಪಾನಿನ ಅಟ್ಲಸ್ ಸಂಸ್ಥೆ ಹೊರತಂದ ‘ಶಿನ್ ಮೆಗಾಮಿ ಟೆನ್ಸೇ’ ಎಂಬ ವಿಡಿಯೊ ಗೇಮ್ ಕೂಡ ಒಂದು. ಟಿವಿಗೆ ಜೋಡಿಸಿ ಮನೆಯಲ್ಲೇ ಆಡುವ ನಿಂಟೆಂಡೊದ ಸೂಪರ್ ಫ್ಯಾಮಿಕಾಮ್ ಯಂತ್ರಕ್ಕಾಗಿ ಅದನ್ನು ರೂಪಿಸಲಾಗಿತ್ತು. ‘ಮೆಗಾಮಿ ಟೆನ್ಸೇ’ ಎಂದರೆ ದೇವಿಯ ಮರುಹುಟ್ಟು. ಕಂಪ್ಯೂಟರಿನ ಮೂಲಕ ಭೂತಗಳನ್ನು ಆವಾಹನೆ ಮಾಡುವ ವಿದ್ಯಾರ್ಥಿಯೊಬ್ಬನ ಕಥೆ ಹೇಳಿದ ಆಯ ನಿಶಿತಾನಿಯವರ ಕಾದಂಬರಿಯಿಂದ ಬಂದ ಈ ಹೆಸರಿನಲ್ಲಿ 1987ರಲ್ಲೇ ಒಂದು ಆಟ ಬಂದಿತ್ತು. 1992ರ ಆಟ ಅದೇ ಬೀಜವನ್ನು ತತ್ತ್ವದ ಹೊಲದಲ್ಲಿ ಬಿತ್ತಿತು.

ಆಟದ ಮೊದಲ ಸಾಹಸ ಹೆಸರಿಡುವುದರಲ್ಲಿಯೇ ಇದೆ. ಭಾರತದ ದೇವತೆಗಳು, ಜಪಾನಿನ ಶಿಂತೊ ಪಂಥದ ‘ಕಾಮಿ’ ಎಂಬ ದೈವಗಳು, ಬೈಬಲಿನ ದೇವದೂತರು, ಯುರೋಪಿನ ಜನಪದ ಕಥೆಗಳ ಕಿನ್ನರರು ಎಲ್ಲರನ್ನೂ ಅದು ‘ಅಕುಮ’ ಎಂಬ ಒಂದೇ ಪದದಿಂದ ಕರೆಯುತ್ತದೆ. ‘ಅಕು’ ಎಂದರೆ ಕೆಟ್ಟದ್ದು. ‘ಮ’ ಎಂಬ ಲಿಪಿಚಿಹ್ನೆಯಾದರೋ ಬುದ್ಧನ ಧ್ಯಾನ ಕೆಡಿಸಲು ಬಂದ ಮಾರನ ಸಂಸ್ಕೃತ ಹೆಸರನ್ನು ಬರೆಯಲೆಂದೇ ಚೀನಾದಲ್ಲಿ ರೂಪುಗೊಂಡದ್ದು. ತಾನು ಕೈಮುಗಿಯುವ ದೇವರನ್ನು ಇಂಥ ಹೆಸರಿನಡಿ ಕಂಡ ಭಕ್ತನಿಗೆ ನೋವಾಗುವುದು ಸಹಜ, ಆ ನೋವನ್ನು ಹಗುರವಾಗಿ ಕಾಣಬಾರದು. ಆದರೆ ಎಲ್ಲರಿಗೂ ಒಂದೇ ಹೆಸರಿಟ್ಟ ಮೇಲೆ ಆ ಹೆಸರಿಗೆ ತೀರ್ಪು ಕೊಡುವ ಬಲ ಉಳಿಯುವುದಿಲ್ಲ. ಎದುರಿಗೆ ನಿಂತದ್ದು ಎಂಥದ್ದೆಂದು ಆಟಗಾರ ಪ್ರತಿ ಸಲವೂ ತಾನೇ ಕಂಡುಕೊಳ್ಳಬೇಕಾಗುತ್ತದೆ.

ಕಂಡುಕೊಳ್ಳುವ ದಾರಿ ಮಾತುಕತೆ. ಟೋಕಿಯೊದ ಕತ್ತಲ ಓಣಿಯಲ್ಲಿ ಒಂದು ಭೂತ ಎದುರಾದಾಗ ಕತ್ತಿ ಬೀಸಬಹುದು, ಓಡಬಹುದು, ಇಲ್ಲವೇ ಮಾತಿಗೆಳೆಯಬಹುದು. ಮಾತಿಗಿಳಿದ ಭೂತ ಹಣ ಕೇಳುತ್ತದೆ, ಪ್ರಶ್ನೆ ಹಾಕುತ್ತದೆ, ಉತ್ತರ ಹಿಡಿಸದಿದ್ದರೆ ಮೇಲೆರಗುತ್ತದೆ, ಹಿಡಿಸಿದರೆ ಜೊತೆಗೆ ಬರುತ್ತದೆ. ಪರದೆಯ ಮೇಲೆ ಚಂದ್ರನ ಕಲೆ ಬೆಳೆಯುತ್ತ ಕ್ಷೀಣಿಸುತ್ತ ಸಾಗುತ್ತಿರುತ್ತದೆ. ಹುಣ್ಣಿಮೆ ಬಂತೆಂದರೆ ಭೂತಗಳು ಉನ್ಮತ್ತವಾಗಿ ಮಾತಿಗೆ ಸಿಗುವುದಿಲ್ಲ. ಕರೆದ ಮೇಲೂ ಋಣ ತೀರುವುದಿಲ್ಲ, ಏಕೆಂದರೆ ಆವಾಹಿತವಾದ ಭೂತ ಜೊತೆಗಿರುವಷ್ಟು ಕಾಲ ಆಟಗಾರನ ಒಂದೊಂದು ಹೆಜ್ಜೆಗೂ ‘ಮ್ಯಾಗ್ನಟೈಟ್’ ಎಂಬ ಪ್ರಾಣದ್ರವ್ಯ ವ್ಯಯವಾಗುತ್ತದೆ, ಅದು ಬರಿದಾದರೆ ಭೂತ ಸೊರಗುತ್ತದೆ. ಆವಾಹನೆಯ ವಿಧಿಯನ್ನು ಕಂಪ್ಯೂಟರ್ ಪ್ರೋಗ್ರಾಂ ನಡೆಸಿಕೊಡುತ್ತದೆ ನಿಜ. ಆದರೆ ಪ್ರೋಗ್ರಾಂ ಬಾಗಿಲು ತೆರೆಯಬಲ್ಲದೇ ಹೊರತು ಒಲಿಸಬಲ್ಲದಲ್ಲ. ವಿಧಿ ತಪ್ಪದೆ ನಡೆದರೆ ಫಲ ತಾನಾಗಿಯೇ ಬರುತ್ತದೆ, ದೇವತೆಯ ಕೃಪೆ ಅದಕ್ಕೆ ಬೇಕಿಲ್ಲ ಎಂದ ಮೀಮಾಂಸಕರ ನಿಲುವಿಗೂ, ದೇವತೆ ಮಾತು ಕೇಳಿ ಮನಸೋಲುವ ವ್ಯಕ್ತಿ ಎಂಬ ಭಕ್ತರ ನಂಬಿಕೆಗೂ ನಡುವಿನ ಹಳೆಯ ವಾದದಲ್ಲಿ ಈ ಆಟ ಯಾರ ಪಕ್ಷವೆಂದು ಇದರಿಂದಲೇ ತಿಳಿಯುತ್ತದೆ.

ಸಂಬಂಧಕ್ಕೆ ತೆರಬೇಕಾದ ಬೆಲೆಯನ್ನೂ ಆಟ ಮರೆಮಾಚುವುದಿಲ್ಲ. ಎರಡು ಭೂತಗಳನ್ನು ಬೆಸೆದು ಮತ್ತೊಂದನ್ನು ಪಡೆಯುವ ಮಂದಿರವೊಂದು ಅದರಲ್ಲಿದ್ದು, ನಾಯಕನ ಮನೆಯ ನಾಯಿ ಪಾಸ್ಕಲನನ್ನು ಅಲ್ಲಿ ಒಂದು ಭೂತದೊಡನೆ ಬೆಸೆದರೆ ಗ್ರೀಕರ ಪಾತಾಳದ ಕಾವಲುನಾಯಿ ಸೆರ್ಬೆರಸ್ ಹುಟ್ಟುತ್ತದೆ. ಯುದ್ಧದಲ್ಲಿ ಅದರಿಂದಾಗುವ ಲಾಭ ದೊಡ್ಡದು. ಆದರೂ ಕಥೆಯ ಆರಂಭದಲ್ಲಿ ಮನೆಯ ಬಳಿ ಕಂಡ ಆ ನಾಯಿಯನ್ನು ಮಂದಿರದ ಒಳಗೆ ಕರೆದೊಯ್ಯುವ ನಿರ್ಧಾರ ಮಾಡುವಾಗ, ಸಾಕಿದ ಜೀವವನ್ನು ಸಾಧನವಾಗಿಸುವುದು ಎಂದರೇನೆಂಬುದು ಯಾವ ವ್ಯಾಖ್ಯಾನದ ನೆರವೂ ಇಲ್ಲದೆ ಅರಿವಿಗೆ ಬರುತ್ತದೆ.

ಕಥೆಯ ಹಂದರ ಇಷ್ಟು ಸೂಕ್ಷ್ಮವಾಗಿಲ್ಲ. ಕ್ಷಿಪಣಿಗಳಿಂದ ನಾಶವಾದ ಟೋಕಿಯೊದಲ್ಲಿ ಮೂವತ್ತು ವರ್ಷಗಳ ಬಳಿಕ ಎರಡು ಪಂಥಗಳು ಎದುರುಬದುರಾಗುತ್ತವೆ: ಏಕದೇವನ ಆಜ್ಞೆಗೆ ಸಂಪೂರ್ಣ ಶರಣಾದ ವ್ಯವಸ್ಥೆಯನ್ನು ಬಯಸುವ ‘ಲಾ’, ಬಲವುಳ್ಳವನು ಬಾಳಲಿ ಎನ್ನುವ ಕಟ್ಟಿಲ್ಲದ ಸ್ವಾತಂತ್ರ್ಯದ ‘ಕೇಯಾಸ್’. ಮೊದಲನೆಯದನ್ನು ಧರ್ಮವೆಂದೂ ಎರಡನೆಯದನ್ನು ಅಧರ್ಮವೆಂದೂ ಕನ್ನಡಿಸಿದರೆ ದೊಡ್ಡ ತಪ್ಪಾಗುತ್ತದೆ, ಏಕೆಂದರೆ ಧರ್ಮವೆಂದರೆ ಧರಿಸುವುದು, ಎತ್ತಿಹಿಡಿಯುವುದು. ಭಿನ್ನವಾದುದನ್ನು ಅಳಿಸಿ ಉಳಿಯುವ ಅಚ್ಚುಕಟ್ಟುತನಕ್ಕೆ ಆ ಹೆಸರು ಸಲ್ಲುವುದಿಲ್ಲ. ‘ಲಾ’ ಪಕ್ಷದ ಮುಂದಾಳು ದೇವದೂತ ಮೈಕೇಲ್. ‘ಕೇಯಾಸ್’ ಪಕ್ಷದ ಮುಂದಾಳು ಅಶುರಾ-ಓ, ಅಂದರೆ ಅಸುರರಾಜ.

ಈ ಅಸುರ ಭಾರತದಿಂದ ಜಪಾನಿಗೆ ನಡೆದುಹೋದ ದಾರಿ ದೀರ್ಘವಾದುದು. ಋಗ್ವೇದದಲ್ಲಿ ‘ಅಸುರ’ ಎಂಬುದು ವರುಣನಿಗೂ ಸಲ್ಲುವ ಗೌರವದ ಪದ, ಇರಾನಿನಲ್ಲಿ ಅದೇ ಪದ ‘ಅಹುರ’ವಾಗಿ ಪರಮದೇವನಾದ ಅಹುರ ಮಜ್ದಾನ ಹೆಸರಿನಲ್ಲಿ ನೆಲೆಯೂರಿತು, ಭಾರತದಲ್ಲಾದರೋ ಕ್ರಮೇಣ ದೇವಶತ್ರುಗಳ ಹೆಸರಾಯಿತು. ಬೃಹದಾರಣ್ಯಕೋಪನಿಷತ್ತಿನಲ್ಲಿ ದೇವರು, ಮನುಷ್ಯರು, ಅಸುರರು ಮೂವರೂ ಪ್ರಜಾಪತಿಯ ಮಕ್ಕಳಾಗಿ, ಅವನ ಶಿಷ್ಯರಾಗಿ ಬರುತ್ತಾರೆ. ಅವನು ಉಪದೇಶಿಸಿದ ‘ದ’ ಎಂಬ ಒಂದೇ ಅಕ್ಷರವನ್ನು ದೇವತೆಗಳು ಸಂಯಮವೆಂದೂ ಮನುಷ್ಯರು ದಾನವೆಂದೂ ಅಸುರರು ದಯೆಯೆಂದೂ ಅರ್ಥಮಾಡಿಕೊಳ್ಳುತ್ತಾರೆ. ಅಸುರನಿಗೆ ದಯೆಯ ಪಾಠ ಹೇಳಬಹುದು, ಅವನು ಅದನ್ನು ಸರಿಯಾಗಿಯೇ ಗ್ರಹಿಸಬಲ್ಲ ಎಂಬ ನಂಬಿಕೆ ಇಲ್ಲಿದೆ. ಶಂಕರಾಚಾರ್ಯರು ಇದರ ಭಾಷ್ಯದಲ್ಲಿ, ಮನುಷ್ಯರನ್ನು ಬಿಟ್ಟು ಬೇರೆ ದೇವರೂ ಅಸುರರೂ ಇಲ್ಲವೆಂದೂ ಅವು ಮನುಷ್ಯರ ಗುಣಭೇದಗಳೆಂದೂ ಓದಬಹುದೆಂಬ ಸಾಧ್ಯತೆಯನ್ನು ತೋರಿಸಿದ್ದಾರೆ. ಬೌದ್ಧರು ಅಸುರನನ್ನು ಧರ್ಮರಕ್ಷಕ ಗಣಗಳಲ್ಲಿ ಸೇರಿಸಿಕೊಂಡರು. ಜಪಾನಿನ ನಾರಾದಲ್ಲಿರುವ ಕೊಫುಕುಜಿ ದೇಗುಲದಲ್ಲಿ, 734ರಲ್ಲಿ ಸಾಮ್ರಾಜ್ಞಿ ಕೊಮ್ಯೊ ತನ್ನ ತಾಯಿಯ ನೆನಪಿಗೆ ಕಟ್ಟಿಸಿದ ಗುಡಿಗಾಗಿ ಮಾಡಿದ ಅಶುರಾ ಪ್ರತಿಮೆ ಇಂದಿಗೂ ಇದೆ: ಮೂರು ಮುಖ, ಆರು ತೆಳ್ಳನೆಯ ತೋಳುಗಳು, ಎದೆಯೆದುರು ಮುಗಿದ ಒಂದು ಜೊತೆ ಕೈ, ನಡುವಿನ ಮುಖದಲ್ಲಿ ಹುಡುಗನ ಎಳೆತನ, ಆ ಎಳೆಯ ಹುಬ್ಬುಗಳಲ್ಲಿ ಗಂಟಿಕ್ಕಿದ ಯಾತನೆ. ಕಾದಾಡಿದವನು ತನ್ನ ಕಾದಾಟವನ್ನು ತಾನೇ ಕಂಡುಕೊಂಡ ಕ್ಷಣದಂತೆ ಅದು ತೋರುತ್ತದೆ.

ಆಟದಲ್ಲಿ ಮೂರನೆಯ ಹಾದಿಯೂ ಇದ್ದು, ‘ನ್ಯೂಟ್ರಲ್’ ಎಂಬ ಆ ಹಾದಿ ಹಿಡಿದವನು ಮೈಕೇಲನನ್ನೂ ಅಸುರರಾಜನನ್ನೂ ಕೊಂದು, ಭೂಮಿಯನ್ನು ಮನುಷ್ಯರಿಗೆ ಉಳಿಸಿಕೊಳ್ಳುತ್ತಾನೆ. ಇದನ್ನು ಬುದ್ಧನ ಮಧ್ಯಮಮಾರ್ಗಕ್ಕೆ ಹೋಲಿಸುವ ಆಸೆ ಹುಟ್ಟಿದರೂ ಹೋಲಿಕೆ ನಿಲ್ಲುವುದಿಲ್ಲ. ಬುದ್ಧ ಬಿಟ್ಟದ್ದು ಭೋಗ ಮತ್ತು ದೇಹದಂಡನೆಗಳೆಂಬ ತನ್ನೊಳಗಿನ ಎರಡು ಅತಿಗಳನ್ನು. ಇಲ್ಲಿ ಮಧ್ಯವೆಂಬುದು ಎರಡೂ ಕಡೆಗೆ ಬೀಸುವ ಮೂರನೆಯ ಕತ್ತಿಯಾಗಿದೆ. ಓಣಿಯಲ್ಲಿ ಸಿಕ್ಕ ಸಣ್ಣ ಭೂತವನ್ನೂ ಮಾತನಾಡಿಸಲು ಬಿಟ್ಟ ಆಟ, ಅಸುರರಾಜನ ಮುಂದೆ ತಂದು ನಿಲ್ಲಿಸಿದಾಗ ಮಾತುಕತೆಯ ಅವಕಾಶವನ್ನೇ ಕಿತ್ತುಕೊಳ್ಳುತ್ತದೆ; ಅವನು ತನ್ನ ಮಾತು ಹೇಳಿ ಮುಗಿಸುತ್ತಾನೆ, ಮತ್ತೆ ಯುದ್ಧ. ಕೈಮುಗಿದು ನಿಂತ ಆ ಎಳೆಯ ಮುಖದವನನ್ನು ಒಂದು ಪ್ರಶ್ನೆ ಕೇಳಲು ಆಟಗಾರನಿಗೆ ದಾರಿಯಿಲ್ಲ.