ಕಾಯಿಲೆಗೊಂದು ಮುಖ ಬೇಕೆ?

ಪ್ರತಿ ವರ್ಷ ಅಕ್ಟೋಬರ್ 10ಕ್ಕೆ, ವಿಶ್ವ ಮಾನಸಿಕ ಆರೋಗ್ಯ ದಿನದಂದು, ನಮ್ಮಲ್ಲಿ ಬಹಳ ಜನರ ಇನ್‌ಬಾಕ್ಸಿಗೆ ಎಚ್‌ಆರ್ ಕಡೆಯಿಂದ ಒಂದು ಮೇಲ್ ಬರತ್ತೆ. ಅದರಲ್ಲಿರೋ ಚಿತ್ರ ಬದಲಾದರೂ ಅದರ ಜಾತಿ ಬದಲಾಗಲ್ಲ. ತಲೆಯೊಳಗೆ ಸಿಕ್ಕುಬಿದ್ದ ಉಣ್ಣೆದಾರ. ಇಲ್ಲವೇ ಒಂದೇ ಮುಖ ಮೂರಾಗಿ ಒಡೆದು, ಒಂದು ನಗ್ತಾ, ಒಂದು ಅಳ್ತಾ, ಇನ್ನೊಂದು ಕಿರುಚ್ತಾ ಇರತ್ತೆ. ಇನ್‌ಸ್ಟಾಗ್ರಾಂನಲ್ಲಂತೂ ಇಂಥವಕ್ಕೆ ಲೆಕ್ಕವೇ ಇಲ್ಲ. ಫೋಟೋಶಾಪಿನಲ್ಲಿ ನಾಲ್ಕು ಲೇಯರ್, ಸ್ವಲ್ಪ ಬ್ಲರ್, ಮೇಲೊಂದು ನೀಲಿ ಛಾಯೆ. ಖಿನ್ನತೆ ರೆಡಿ.

ಮೊದಲು ಕಲಾವಿದರ ಪರವಾಗಿ ಮಾತಾಡೋಣ. ಮುರಿದ ಕೈ ಎಕ್ಸ್‌ರೇಯಲ್ಲಿ ಕಾಣತ್ತೆ, ಮನಸ್ಸಿನ ನೋವು ಯಾವ ಕ್ಯಾಮೆರಾಕ್ಕೂ ಸಿಗಲ್ಲ. ಇದ್ದದ್ದನ್ನು ಇದ್ದ ಹಾಗೆ ತೆಗೆದ ಫೋಟೋ ಇಲ್ಲಿ ಸುಳ್ಳು ಹೇಳತ್ತೆ, ತಿದ್ದಿದ ಫೋಟೋ ನಿಜ ಹೇಳಬಹುದು. ಖಿನ್ನತೆಯಲ್ಲಿರೋ ಒಬ್ಬರು ತಮ್ಮದೇ ಫೋಟೋದಲ್ಲಿ ತಮ್ಮ ಮುಖವನ್ನ ಅಳಿಸಿ 'ನನಗೆ ಹೀಗನ್ನಿಸ್ತಿದೆ' ಅಂದರೆ, ಅದನ್ನ ಪ್ರಶ್ನಿಸೋಕೆ ನಾವ್ಯಾರು? ಮಾತಿಗೆ ಸಿಗದ್ದನ್ನ ಅವರು ಚಿತ್ರದಲ್ಲಿ ಹೇಳ್ತಿದ್ದಾರೆ.

ತಕರಾರಿರೋದು ಆ ಚಿತ್ರ ಅವರ ಕೈಯಿಂದ ಹೊರಟು ಎಲ್ಲರ ಕಾಯಿಲೆಯ ಗುರುತಾಗೋದರ ಬಗ್ಗೆ.

ಇದಕ್ಕೆ ಹಳೇ ಉದಾಹರಣೆ ಇಂಗ್ಲೆಂಡಿನ ಲೂಯಿ ವೇಯ್ನ್ (1860-1939). ಬೆಕ್ಕುಗಳನ್ನ ಬರೆದೇ ಹೆಸರು ಮಾಡಿದ ಈತ 1924ರಲ್ಲಿ ಮಾನಸಿಕ ಆಸ್ಪತ್ರೆ ಸೇರಿದ. ಮುದ್ದು ಬೆಕ್ಕಿನಿಂದ ಶುರುವಾಗಿ, ಕೊನೆಗೆ ಬೆಕ್ಕೇ ಅಲ್ಲದ ರಂಗೋಲಿಯಂಥ ಆಕಾರಕ್ಕೆ ಬಂದು ನಿಲ್ಲೋ ಅವನ ಚಿತ್ರಗಳ ಸಾಲನ್ನ ನೀವೂ ನೋಡಿರಬಹುದು. ಸ್ಕಿಜೋಫ್ರೇನಿಯಾ ಹೆಚ್ಚುತ್ತಾ ಹೋದ ಹಾಗೆ ಚಿತ್ರ ಹೇಗೆ ಕೆಟ್ಟಿತು ಅಂತ ತೋರಿಸೋಕೆ ಮನಃಶಾಸ್ತ್ರದ ಪುಸ್ತಕಗಳಲ್ಲೂ ಅದು ಬಂತು. ಆದರೆ ಚಿತ್ರಗಳ ಮೇಲೆ ತಾರೀಖೇ ಇರಲಿಲ್ಲ. ಆ ಕ್ರಮದಲ್ಲಿ ಜೋಡಿಸಿದ್ದು ವಾಲ್ಟರ್ ಮೆಕ್ಲೇ ಅನ್ನೋ ಮನೋವೈದ್ಯ. ಆಸ್ಪತ್ರೆಯಲ್ಲಿದ್ದಾಗಲೂ ವೇಯ್ನ್ ಮಾಮೂಲಿ ಬೆಕ್ಕುಗಳನ್ನ ಬರೀತಿದ್ದ. ಒಂದು ಗೆರೆಯನ್ನೂ ಮುಟ್ಟದೆ, ಬರೀ ಸಾಲಾಗಿಟ್ಟು ಒಬ್ಬ ಮನುಷ್ಯನ ಕಥೆಯನ್ನೇ ತಿದ್ದಬಹುದು ಅಂತಾಯ್ತು.

ನಮ್ಮಲ್ಲೂ ಅಷ್ಟೇ. 1971ರಲ್ಲಿ ಪುಟ್ಟಣ್ಣ ಕಣಗಾಲ್ ತ್ರಿವೇಣಿಯವರ ಕಾದಂಬರಿಯಿಂದ 'ಶರಪಂಜರ' ಮಾಡಿದರು. ಆ ಕಥೆಯ ನೋವಿರೋದು ಕಾವೇರಿಯ ಕಾಯಿಲೆಯಲ್ಲಲ್ಲ. ಗುಣವಾಗಿ ಮನೆಗೆ ಬಂದವಳನ್ನ ಯಾರೂ ಗುಣವಾದವಳು ಅಂತ ನಂಬಲ್ಲ ಅನ್ನೋದರಲ್ಲಿ. ಆದರೆ ಜನರ ತಲೆಯಲ್ಲಿ ಉಳಿದಿದ್ದು? ಕಲ್ಪನಾ ಅವರ ಹುಚ್ಚಿನ ಅಭಿನಯ. ಕಥೆ ಮರೆತುಹೋಯ್ತು, ಮುಖ ಉಳೀತು.

ಅಂಕೋಲಾ ಕಡೆ ಆಟ ನೋಡಿ ಬೆಳೆದವರಿಗೆ ಇನ್ನೊಂದು ರೀತಿ ಗೊತ್ತಿದೆ. ಯಕ್ಷಗಾನದಲ್ಲಿ ರಾಕ್ಷಸನ ಒಳಗನ್ನ ಬಣ್ಣದಲ್ಲೇ ಮುಖದ ಮೇಲೆ ತಂದಿಡ್ತಾರೆ. ಅದಕ್ಕಿಂತ ದೊಡ್ಡ 'ಎಡಿಟಿಂಗ್' ಎಲ್ಲಿದೆ? ಆದರೂ ಯಾರೂ ಮೋಸ ಹೋಗಲ್ಲ. ಚೌಕಿಯಲ್ಲಿ ಕೂತು ಬಣ್ಣ ಹಚ್ಚೋದನ್ನ ನೋಡಿರ್ತೀವಿ, ಬೆಳಗಾದರೆ ಅದೇ ಮನುಷ್ಯ ಮುಖ ತೊಳೆದು ಚಾ ಕುಡೀತಾನೆ. ಅದು ವೇಷ ಅಂತ ನೋಡೋನಿಗೆ ಗೊತ್ತು. ಮೇಲ್‌ನಲ್ಲಿ ಬರೋ ಚಿತ್ರಕ್ಕೆ ಚೌಕಿಯಿಲ್ಲ. ಹಾಗಾಗಿ ವೇಷವನ್ನೇ ನಾವು ರೋಗಲಕ್ಷಣ ಅಂದ್ಕೊಳ್ತೀವಿ.

ಅದರ ಬೆಲೆ ಏನು ಅಂತ ಊರಲ್ಲಿ ನೋಡಿದೀನಿ. ನನ್ನ ಸಂಬಂಧಿಕರಲ್ಲೊಬ್ಬ ಚಿಕ್ಕಮ್ಮ ಕಿರುಚಲಿಲ್ಲ, ಕೂದಲು ಕೆದರಿಕೊಳ್ಳಲಿಲ್ಲ. ಮೀನು ತರೋಳ ಹತ್ರ ಚೌಕಾಸಿ ಮಾಡೋದು ಬಿಟ್ಟರು, ಅಷ್ಟೇ. ಹೇಳಿದಷ್ಟು ಕೊಟ್ಟು ಒಳಗೆ ಹೋಗೋರು. ಆಮೇಲೆ ಮದುವೆ ಮನೆಗಳಿಗೆ ಹೋಗೋದು ನಿಂತಿತು. ಕೇಳಿದರೆ ಮನೆಯವರು, "ಅದ್ಕೆ ಎಂತಾ ಆಗಿದು? ಸಮಾನೇ ಅದ್ಯಲ್ಲ, ಮಳ್ಳು ಹಿಡ್ದೋರ ಹಂಗೆ ಮಾಡ್ತದ್ಯಾ?" ಅನ್ನೋರು. ಮಳ್ಳು ಅಂದರೆ ಹೀಗೇ ಇರಬೇಕು ಅನ್ನೋ ಒಂದು ಚಿತ್ರ ಎಲ್ಲರ ತಲೆಯಲ್ಲಿತ್ತು, ಧಾರವಾಡದ ಆಸ್ಪತ್ರೆಗೆ ಕಳಿಸೋವಂಥದ್ದು. ಚಿಕ್ಕಮ್ಮ ಆ ಚಿತ್ರದ ಹಾಗೆ ಕಾಣ್ತಿರಲಿಲ್ಲ. ಹಾಗಾಗಿ ಕಾರವಾರದ ಡಾಕ್ಟರ ಹತ್ರ ಹೋಗೋಕೇ ಎರಡು ವರ್ಷ ಹಿಡೀತು.

ಇದು ಒಂದೇ ಮನೆಯ ಕಥೆಯಲ್ಲ. ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ಬೇರೆ ಬೇರೆ ಮಾನಸಿಕ ಕಾಯಿಲೆಗಳಲ್ಲಿ ಚಿಕಿತ್ಸೆ ಸಿಗದೇ ಉಳಿದವರ ಪ್ರಮಾಣ ಶೇಕಡಾ 70ರಿಂದ 92. ದುಡ್ಡು, ದೂರ, ನಾಚಿಕೆ ಎಲ್ಲ ಕಾರಣಗಳೂ ಇವೆ. ಕಾಯಿಲೆಯನ್ನ ಗುರುತೇ ಹಿಡಿಯದಿರೋದೂ ಅದರಲ್ಲೊಂದು.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, ಚಿಕಿತ್ಸೆಯಲ್ಲಿರೋರ ಫೋಟೋವನ್ನ ಒಪ್ಪಿಗೆಯಿಲ್ಲದೆ ಮಾಧ್ಯಮಕ್ಕೆ ಕೊಡಬಾರದು ಅನ್ನತ್ತೆ. ಒಳ್ಳೇದೇ. ಆದರೆ ಯಾರದೂ ಅಲ್ಲದ ಮುಖವನ್ನ ಒಡೆದು ಎಲ್ಲರ ಹೆಸರಲ್ಲಿ ಹಂಚೋದನ್ನ ಯಾವ ಕಾಯ್ದೆಯೂ ತಡೆಯಲ್ಲ, ತಡೆಯಲೂ ಬಾರದು. ಅದನ್ನ ಚಿತ್ರ ಮಾಡೋರು, ಫಾರ್ವರ್ಡ್ ಮಾಡೋ ನಾವು ಯೋಚಿಸಬೇಕು. ಈ ಚಿತ್ರ ನೋಡಿದವನು ಪಕ್ಕದ ಸೀಟಿನವರನ್ನ ಇನ್ನೊಮ್ಮೆ ನೋಡ್ತಾನಾ? ಅಥವಾ 'ಸದ್ಯ, ನಮ್ಮಲ್ಲಿ ಯಾರೂ ಹೀಗಿಲ್ಲ' ಅಂದ್ಕೊಂಡು ಮೇಲ್ ಮುಚ್ತಾನಾ?

ನನಗೆ ಫೋಟೋಶಾಪ್ ಅಷ್ಟಾಗಿ ಬರಲ್ಲ. ಬಂದಿದ್ದರೆ ಮದುವೆ ಮನೆಯ ಒಂದು ಗ್ರೂಪ್ ಫೋಟೋ ತಗೊಳ್ತಿದ್ದೆ. ಎಲ್ಲರೂ ನಗ್ತಿದ್ದಾರೆ, ಎಲ್ಲರಿಗೂ ನೆರಳಿದೆ. ಎರಡನೇ ಸಾಲಿನಲ್ಲಿ ನಿಂತ ಒಬ್ಬರಿಗೆ ಮಾತ್ರ ಇಲ್ಲ. ಅಷ್ಟೇ ತಿದ್ದುಪಡಿ. ಒಬ್ಬೊಬ್ಬರನ್ನೇ ನಿಧಾನವಾಗಿ ನೋಡ್ತಾ ಹೋದರೆ ಮಾತ್ರ ಕಾಣೋ ಹಾಗೆ.