ಐದರಲ್ಲಿ ಒಂದು ಪಾಲು

ಕೇಸಿ ಸ್ಟೆಂಗಲ್ 1949ರಿಂದ 1953ರವರೆಗೆ ಸತತ ಐದು ವರ್ಷ ನ್ಯೂಯಾರ್ಕ್ ಯಾಂಕೀಸ್ ತಂಡಕ್ಕೆ ವರ್ಲ್ಡ್ ಸೀರೀಸ್ ಗೆದ್ದುಕೊಟ್ಟ. ಅದೇ ಆಸಾಮಿ 1962ರಲ್ಲಿ ಅದೇ ಊರಿನ ಹೊಸ ತಂಡ ಮೆಟ್ಸ್‌ಗೆ ಮ್ಯಾನೇಜರ್ ಆದಾಗ ಗೆದ್ದದ್ದು 40, ಸೋತದ್ದು 120. ಒಂಬತ್ತು ವರ್ಷದಲ್ಲಿ ಬುದ್ಧಿ ಅಷ್ಟು ಮಂಕಾಯಿತೆ? ಅಲ್ಲಿ ಯೋಗಿ ಬೆರಾ, ಮಿಕಿ ಮ್ಯಾಂಟಲ್ ಇದ್ದರು. ಇಲ್ಲಿದ್ದವರಲ್ಲಿ ಬಹುಪಾಲು ಬೇರೆ ತಂಡಗಳು ಬೇಡವೆಂದು ಬಿಟ್ಟುಕೊಟ್ಟವರು.

ಹೈಸ್ಕೂಲಿನಲ್ಲಿ ಹೆಡ್‌ಮಾಸ್ಟರ್ ಆಗಿದ್ದವನಿಗೆ ಈ ಲೆಕ್ಕ ಹೊಸದಲ್ಲ. ಎಸ್ಸೆಸ್ಸೆಲ್ಸಿ ಫಲಿತಾಂಶ ಏರಿದ ವರ್ಷ ನನಗೆ ಶಾಲು ಹೊದಿಸಿ ಹಾರ ಹಾಕಿದರು. ಇಳಿದ ವರ್ಷ ಕಾರಣ ಕೇಳಿ ಮೇಲಿನಿಂದ ನೋಟಿಸ್ ಬಂತು. ಎರಡೂ ವರ್ಷ ನಾನು ಬೆಳಿಗ್ಗೆ ಅದೇ ವಿಶೇಷ ತರಗತಿ ನಡೆಸಿದ್ದೆ, ಅದೇ ಗಣಿತದ ಮೇಷ್ಟ್ರ ಬೆನ್ನು ಬಿದ್ದಿದ್ದೆ. ಮಕ್ಕಳು ಬೇರೆ, ಅಷ್ಟೇ. ಹಾಗಾಗಿ ಬಾಸ್ಟನ್ನಿನ ಮಗಳ ಮನೆಯಲ್ಲಿ ಅಳಿಯನ ಪಕ್ಕ ಕೂತು ಬೇಸ್‌ಬಾಲ್ ನೋಡುವಾಗ, ಆಟದ ನಿಯಮಗಳಿಗಿಂತ ಮೊದಲು ನನಗೆ ಅರ್ಥವಾದದ್ದು ಮ್ಯಾನೇಜರನ ಪಾಡು.

ಚೆಂಡೆಸೆಯುವ ಪಿಚರನ್ನು ಯಾವಾಗ ಬದಲಿಸಬೇಕು ಎನ್ನುವುದು ಅವನ ತೀರ್ಮಾನ. ಒಮ್ಮೆ ಹೊರಗೆ ಹೋದವನು ಆ ಪಂದ್ಯಕ್ಕೆ ಮತ್ತೆ ಬರುವಂತಿಲ್ಲ. ಕ್ರಿಕೆಟ್ಟಿನಲ್ಲಿ ಬೌಲರನ್ನು ಎರಡು ಓವರ್ ಬಿಟ್ಟು ಕರೆದಂತೆ ಇಲ್ಲಿ ಕರೆಯಲಾಗದು.

2020ರ ಅಕ್ಟೋಬರ್ 27, ವರ್ಲ್ಡ್ ಸೀರೀಸ್‌ನ ಆರನೇ ಪಂದ್ಯ. ಸೋತರೆ ಟ್ಯಾಂಪಾ ಬೇ ರೇಸ್ ತಂಡದ ಕಥೆ ಮುಗಿಯಿತು. ಲಾಸ್ ಏಂಜಲೀಸ್ ಡಾಜರ್ಸ್ ಎದುರು ಅದು 1-0 ಮುಂದಿದೆ. ಪಿಚರ್ ಬ್ಲೇಕ್ ಸ್ನೆಲ್ ಒಂಬತ್ತು ಜನರನ್ನು ಸ್ಟ್ರೈಕ್‌ಔಟ್ ಮಾಡಿ ಕೊಟ್ಟದ್ದು ಎರಡೇ ಹಿಟ್, ಎಸೆದದ್ದು 73 ಚೆಂಡು. ಆರನೇ ಇನಿಂಗ್ಸ್‌ನಲ್ಲಿ ಆ ಎರಡನೇ ಹಿಟ್ ಬಿದ್ದದ್ದೇ ತಡ, ಮ್ಯಾನೇಜರ್ ಕೆವಿನ್ ಕ್ಯಾಶ್ ಮೈದಾನಕ್ಕೆ ನಡೆದು ಬಂದ. ಸ್ನೆಲ್ ಮುಖ ಕಿವುಚಿ ಬೈದುಕೊಂಡದ್ದು ಟಿವಿಯಲ್ಲಿ ತುಟಿ ನೋಡಿದವರಿಗೆಲ್ಲ ತಿಳಿಯಿತು. ಬದಲಿಗೆ ಬಂದ ನಿಕ್ ಆ್ಯಂಡರ್ಸನ್‌ಗೆ ಮೂಕಿ ಬೆಟ್ಸ್ ಡಬಲ್ ಹೊಡೆದ. ಒಂದು ಎಸೆತ ದಾರಿ ತಪ್ಪಿ ಸಮ, ಮುಂದೊಂದು ನೆಲಕ್ಕಂಟಿದ ಹೊಡೆತಕ್ಕೆ 2-1. ಕೊನೆಗೆ 3-1. ಊರಿಗೂರೇ ಕ್ಯಾಶ್‌ನ ಮೇಲೆ ಬಿತ್ತು.

ಗೀತೆಯ ಹದಿನೆಂಟನೇ ಅಧ್ಯಾಯ ಯಾವುದೇ ಕೆಲಸ ಆಗಲು ಐದು ಕಾರಣ ಹೇಳುತ್ತದೆ: ಅಧಿಷ್ಠಾನ, ಕರ್ತೃ, ಕರಣಗಳು, ಬಗೆಬಗೆಯ ಚೇಷ್ಟೆಗಳು, ಐದನೆಯದಾಗಿ ದೈವ. ಆ್ಯಂಡರ್ಸನ್‌ನ ತೋಳು, ಬೆಟ್ಸ್‌ನ ಕಣ್ಣು, ಚೆಂಡು ನೆಲಕ್ಕೆ ತಾಗಿ ಹಾರಿದ ದಿಕ್ಕು, ಇವೆಲ್ಲಕ್ಕೂ ಕ್ಯಾಶ್ ಹೊಣೆಯೆ? ಇದನ್ನೇ ಹಿಡಿದು ಮ್ಯಾನೇಜರನ್ನು ಖುಲಾಸೆ ಮಾಡಿಬಿಡುವ ಪಂಡಿತರಿದ್ದಾರೆ. ನಾನು ಒಪ್ಪುವುದಿಲ್ಲ. ಐದರಲ್ಲಿ ಒಂದು ಎಂದರೆ ಸೊನ್ನೆಯಲ್ಲ. ಆ ಒಂದು ಪಾಲನ್ನು ಫಲದಿಂದ ಬೇರ್ಪಡಿಸಿ ತೂಗಬೇಕು, ಕಷ್ಟವಿರುವುದು ಅಲ್ಲಿ.

ತೂಗಿ ನೋಡೋಣ. ಒಬ್ಬನೇ ಪಿಚರನ್ನು ಮೂರನೇ ಸಲ ಎದುರಿಸುವಾಗ ಬ್ಯಾಟರ್‌ಗಳು ಮೊದಲಿಗಿಂತ ಚೆನ್ನಾಗಿ ಹೊಡೆಯುತ್ತಾರೆ ಎಂಬುದು ಬೇಸ್‌ಬಾಲಿನ ಗಟ್ಟಿ ಲೆಕ್ಕ. ಬೆಟ್ಸ್‌ಗೆ ಅದು ಮೂರನೇ ಸರದಿ. ಸ್ನೆಲ್‌ನನ್ನು ತೆಗೆದದ್ದಕ್ಕೆ ಆಧಾರವಿತ್ತು, ಕಣ್ಣೆದುರಿನ ಆಟ ಬೇರೆ ಹೇಳುತ್ತಿದ್ದರೂ. ಆದರೆ ಆ್ಯಂಡರ್ಸನ್? ಅದಕ್ಕೆ ಮೊದಲು ಅವನು ಕಣಕ್ಕಿಳಿದಿದ್ದ ಕೊನೆಯ ಆರು ಪಂದ್ಯಗಳಲ್ಲೂ ರನ್ ಬಿಟ್ಟುಕೊಟ್ಟಿದ್ದ. ಚೆಂಡು ಅವನ ಕೈಗೆ ಹೋಗುವ ಮೊದಲೇ ಇದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಕ್ಯಾಶ್‌ನ ತಪ್ಪು ಇದೊಂದೇ, ಮತ್ತು ಬೆಟ್ಸ್ ಅಂದು ಔಟಾಗಿದ್ದರೂ ಅದು ತಪ್ಪೇ. ಆಗ ಯಾರೂ ಬೈಯುತ್ತಿರಲಿಲ್ಲ ಎನ್ನುವುದು ನಮ್ಮ ದೋಷ.

ಅಳಿಯನಿಗೆ ಇಂಥ ತರ್ಕ ಹಿಡಿಸದು. ಅವನ ಗಾಯ 2003ರದು. ಅಮೆರಿಕನ್ ಲೀಗಿನ ಅಂತಿಮ ಸರಣಿಯಲ್ಲಿ ಯಾಂಕೀಸ್ ಎದುರು ಏಳನೇ ಪಂದ್ಯ, ಎಂಟನೇ ಇನಿಂಗ್ಸ್‌ನಲ್ಲಿ ಯಾಂಕೀಸ್ ಬ್ಯಾಟಿಂಗಿಗೆ ಬಂದಾಗ ಬಾಸ್ಟನ್ 5-2 ಮುಂದೆ. ದಣಿದ ಪೆಡ್ರೊ ಮಾರ್ಟಿನೆಜ್ ಬಳಿ ಮ್ಯಾನೇಜರ್ ಗ್ರೇಡಿ ಲಿಟ್ಲ್ ಹೋಗಿ, ಆಗುತ್ತದೆಯೇ ಎಂದು ಕೇಳಿದ. ಆಗುತ್ತದೆ ಎಂದ ಪೆಡ್ರೊ. ಲಿಟ್ಲ್ ಹಾಗೇ ಹಿಂತಿರುಗಿದ, ಸ್ಕೋರು ಸಮವಾಯಿತು, ಹನ್ನೊಂದನೇ ಇನಿಂಗ್ಸ್‌ನಲ್ಲಿ ಪಂದ್ಯ ಹೋಯಿತು. ಒಬ್ಬನಿಗೆ ತೆಗೆದದ್ದಕ್ಕೆ ಶಾಪ, ಇನ್ನೊಬ್ಬನಿಗೆ ತೆಗೆಯದ್ದಕ್ಕೆ. ಲಿಟ್ಲ್‌ನ ತಲೆದಂಡವೂ ಆಯಿತು, ಮುಂದಿನ ವರ್ಷಕ್ಕೆ ಕರಾರು ಮುಂದುವರಿಸಲಿಲ್ಲ.

"ಮಾವ, ಅವನು ಪೆಡ್ರೊನ ಮಾತು ನಂಬಿದನಲ್ಲ, ಅದಕ್ಕೇನಂತೀರಿ?" ಎಂದ ಅಳಿಯ.

ನಂಬಿದ್ದಲ್ಲ, ಕೇಳಿದ್ದೇ ತಪ್ಪು ಅಂದೆ. ಪೆಡ್ರೊನಂಥ ಮಾನಿ ಸುಸ್ತಾಗಿದೆ ಎಂದು ಬಾಯಿಬಿಟ್ಟಾನೆಯೆ? ನಿರ್ಧಾರದ ಭಾರ ಹೊರಲಿಕ್ಕೇ ಮ್ಯಾನೇಜರನ್ನು ಇಟ್ಟುಕೊಂಡಿರುವುದು. ಅದನ್ನು ಪಿಚರನ ಹೆಗಲಿಗೆ ದಾಟಿಸಿದ ಗಳಿಗೆಯಲ್ಲೇ ಅವನ ಪಾಲಿನ ದೋಷ ಪೂರ್ತಿಯಾಯಿತು, ಆಮೇಲೆ ಬಿದ್ದ ರನ್ನುಗಳು ಉಳಿದ ನಾಲ್ಕು ಕಾರಣಗಳವು.

ಕ್ಯಾಶ್‌ಗೆ ಆ ಸೋಲಾಗಿ ಎರಡು ವಾರಕ್ಕೆ ಅಮೆರಿಕನ್ ಲೀಗಿನ ವರ್ಷದ ಮ್ಯಾನೇಜರ್ ಪ್ರಶಸ್ತಿ ಬಂತು. ಅಳಿಯ ಹೊಟ್ಟೆ ಹಿಡಿದು ನಕ್ಕ. ಆ ಮತದಾನ ನಾಕೌಟ್ ಪಂದ್ಯಗಳಿಗೆ ಮೊದಲೇ ಮುಗಿದಿರುತ್ತದೆ ಎಂದು ಆಮೇಲೆ ಅವನೇ ಹೇಳಿದ. ಒಳ್ಳೆಯ ನಿಯಮ ಅನ್ನಿಸಿತು ನನಗೆ, ಕೊನೆಯ ಚೆಂಡಿನ ಹಂಗಿಲ್ಲ. ಆದರೆ ಮತ ಹಾಕಿದವರು ಕ್ಯಾಶ್‌ನ ಯಾವ ತೀರ್ಮಾನ ತೂಗಿದರೋ ಏನೋ. ಆ ವರ್ಷ ಟ್ಯಾಂಪಾ ಆಡಿದ 60ರಲ್ಲಿ 40 ಗೆದ್ದಿತ್ತು.