ಬೇಡ ಎಂದವರ ಪಟ

ಹವ್ಯಾಸಿ ಛಾಯಾಗ್ರಾಹಕನೆಂದರೆ ಯಾರು? ಹಣ ತೆಗೆದುಕೊಳ್ಳದೆ ಪಟ ತೆಗೆಯುವವನು ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಈ ಲಕ್ಷಣ ಸಾಲದೆಂದು ನನ್ನ ಅಭಿಪ್ರಾಯ. ವೃತ್ತಿಯವನಿಗೂ ಇವನಿಗೂ ಇರುವ ದೊಡ್ಡ ಅಂತರ ಕಿಸೆಗೆ ಸಂಬಂಧಿಸಿದ್ದಲ್ಲ. ಅವನು ಮದುವೆಯ ಛತ್ರಕ್ಕೆ ಕೆಲಸದವನಾಗಿ ಬರುತ್ತಾನೆ; ಇವನು ನೆಂಟನಾಗಿ ಬರುತ್ತಾನೆ. ಕರೆದವರು ಹೇಳಿದ್ದಷ್ಟನ್ನು ಮಾಡಿ, ಊಟ ಮುಗಿಸಿ, ಪೆಟ್ಟಿಗೆ ಎತ್ತಿಕೊಂಡು ಹೊರಟುಹೋಗುವ ಸೌಕರ್ಯ ಅವನಿಗುಂಟು. ನೆಂಟನಾದವನು ಅದೇ ಮುಖಗಳನ್ನು ನಾಳೆಯೂ ನೋಡಬೇಕು, ಮುಂದಿನ ಯುಗಾದಿಗೂ ನೋಡಬೇಕು. ಆದ್ದರಿಂದ ಯಾರ ಪಟ ತೆಗೆಯಬಹುದು, ಯಾರದು ಕೂಡದು ಎಂಬ ಪ್ರಶ್ನೆ ಅವನನ್ನು ಕಾಡುವಷ್ಟು ವೃತ್ತಿಯವನನ್ನು ಕಾಡುವುದಿಲ್ಲ.

ಈ ಬಗೆಯ ನೆಂಟ ಹುಟ್ಟಿದ್ದು ಈಚೆಗೆ. ೧೮೩೯ರಲ್ಲಿ ದಾಗೆರ್ ಎಂಬಾತನ ವಿಧಾನ ಪ್ಯಾರಿಸ್ಸಿನಲ್ಲಿ ಬೆಳಕಿಗೆ ಬಂದಾಗ, ಪಟ ತೆಗೆಸಿಕೊಳ್ಳುವವನು ನಿಮಿಷಗಟ್ಟಲೆ ಅಲುಗಾಡದೆ ಕೂರಬೇಕಾಗಿತ್ತು. ತಲೆ ವಾಲದಿರಲೆಂದು ಹಿಂದಿನಿಂದ ಕಬ್ಬಿಣದ ಆಸರೆಯನ್ನೂ ಕೊಡುತ್ತಿದ್ದರು. ಆ ಶಿಕ್ಷೆಗೆ ತಾನಾಗಿ ಒಪ್ಪಿದವನ ಪಟವಷ್ಟೇ ಬರುತ್ತಿತ್ತು. ೧೮೮೮ರಲ್ಲಿ ಅಮೆರಿಕದ ಈಸ್ಟ್‌ಮನ್ ತನ್ನ ಕೊಡಕ್ ಪೆಟ್ಟಿಗೆಯನ್ನು ಮಾರಾಟಕ್ಕೆ ತಂದ. ಅದರೊಳಗೆ ೧೦೦ ಪಟಗಳಿಗಾಗುವ ಸುರುಳಿ ಸಿದ್ಧವಾಗಿರುತ್ತಿತ್ತು. ಮುಗಿದ ಮೇಲೆ ಪೆಟ್ಟಿಗೆಯನ್ನೇ ಕಾರ್ಖಾನೆಗೆ ಕಳಿಸಿದರೆ ಪಟಗಳನ್ನು ತೊಳೆದು, ಹೊಸ ಸುರುಳಿ ತುಂಬಿ ಹಿಂದಕ್ಕೆ ಕಳಿಸುತ್ತಿದ್ದರು. ೧೯೦೦ರಲ್ಲಿ ಬಂದ ಬ್ರೌನಿಯ ಬೆಲೆ ಒಂದೇ ಡಾಲರು. ಇವೆರಡರ ನಡುವೆ, ೧೮೯೦ರಲ್ಲಿ, ವಾರನ್ ಮತ್ತು ಬ್ರಾಂಡೈಸ್ ಎಂಬ ಇಬ್ಬರು ವಕೀಲರು ಮನುಷ್ಯನ ಖಾಸಗಿತನದ ಹಕ್ಕನ್ನು ಕುರಿತು ಹಾರ್ವರ್ಡಿನ ಕಾನೂನು ಪತ್ರಿಕೆಯಲ್ಲಿ ಒಂದು ಲೇಖನ ಬರೆದರು. ಕ್ಷಣಮಾತ್ರದಲ್ಲಿ ತೆಗೆಯಬಹುದಾದ ಪಟಗಳು ಅವರ ಆತಂಕಗಳಲ್ಲೊಂದು. ಕ್ಯಾಮೆರಾ ಚುರುಕಾದ ಕೂಡಲೇ ಸಮ್ಮತಿಯ ಪ್ರಶ್ನೆ ಎದ್ದಿತೆಂಬುದನ್ನು ಗಮನಿಸಬೇಕು.

ನಮ್ಮ ಕಡೆಯ ಮಧ್ಯಮ ವರ್ಗದ ಮನೆಗಳಿಗೆ ಆ ಪೆಟ್ಟಿಗೆ ಕಾಲಿಟ್ಟದ್ದು ಬಹಳಮಟ್ಟಿಗೆ ಆಗ್ಫಾ ಕ್ಲಿಕ್ ತ್ರೀ ರೂಪದಲ್ಲಿ. ಬರೋಡದಲ್ಲಿ ತಯಾರಾಗುತ್ತಿತ್ತು. ನನ್ನ ಕೈಗೆ ಬಂದದ್ದು ೧೯೬೮ರಲ್ಲಿ. ಒಂದು ಸುರುಳಿಗೆ ೧೨ ಪಟ, ಅಷ್ಟೇ. ಈಗಿನ ಹುಡುಗರಿಗೆ ಈ ಹನ್ನೆರಡರ ಮಹಿಮೆ ತಿಳಿಯದು. ಧಾರೆಗೆ ಎರಡು, ಸಪ್ತಪದಿಗೆ ಒಂದು, ಬೀಗರ ಗುಂಪಿಗೆ ಎರಡು (ಒಂದರಲ್ಲಿ ಯಾರಾದರೂ ಕಣ್ಣು ಮುಚ್ಚಿಯೇ ಮುಚ್ಚುತ್ತಾರೆ), ನಮ್ಮ ಕಡೆಯ ಗುಂಪಿಗೆ ಎರಡು ಎಂದು ಲೆಕ್ಕ ಹಾಕುವಷ್ಟರಲ್ಲಿ ಉಳಿಯುತ್ತಿದ್ದುದು ನಾಲ್ಕೋ ಐದೋ. ಯಾರನ್ನು ಸೇರಿಸಬೇಕು, ಯಾರನ್ನು ಬಿಡಬೇಕು ಎಂಬ ನ್ಯಾಯಾಧೀಶನ ಅಧಿಕಾರ ಇಪ್ಪತ್ತು ವರ್ಷದ ಹುಡುಗನ ಕೈಗೆ ಹೀಗೆ ಅನಾಯಾಸವಾಗಿ ಬಂದುಬಿಡುತ್ತಿತ್ತು. ಆ ಅಧಿಕಾರವನ್ನು ಕಲೆ ಎಂದು ಕರೆಯುವವರಿದ್ದಾರೆ. ಕಲೆಯ ಮಾತು ಹಾಗಿರಲಿ. ನಾನು ಹೇಳಹೊರಟಿರುವುದು ಅಧಿಕಾರದ ಮಾತು.

ಪಟ ತೆಗೆಸಿಕೊಂಡರೆ ಆಯುಸ್ಸು ಕಡಿಮೆಯಾಗುತ್ತದೆಂದು ನಮ್ಮ ಅಜ್ಜಿಯ ಕಾಲದವರು ನಂಬಿದ್ದರು. ನಾವು ನಕ್ಕಿದ್ದೇವೆ. ಆದರೆ ಆ ನಂಬಿಕೆಯೊಳಗೆ ಒಂದು ವಿವೇಕ ಅಡಗಿದೆಯೆಂದು ನನಗೆ ತೋರುತ್ತದೆ. ನನ್ನಿಂದ ಏನೋ ಒಂದನ್ನು ನೀನು ಒಯ್ಯುತ್ತಿದ್ದೀಯೆ, ಅದು ನಾಳೆ ಯಾರ ಕೈ ಸೇರುತ್ತದೋ ನಾನರಿಯೆ, ಅದನ್ನು ಹಿಂದಕ್ಕೆ ಕೇಳಿ ಪಡೆಯುವ ದಾರಿಯೂ ನನಗಿಲ್ಲ: ಇಷ್ಟನ್ನು ಹೇಳಲು ಅವರ ಬಳಿ ಇದ್ದ ಮಾತು ಆಯುಸ್ಸು ಎಂಬುದೊಂದೇ. ವಧುಪರೀಕ್ಷೆಗೆಂದು ಹುಡುಗಿಯ ಪಟವನ್ನು ಊರೂರಿಗೆ ಕಳಿಸುತ್ತಿದ್ದ ಕಾಲವನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಸ್ಟುಡಿಯೋದವರು ನೆಗಟಿವ್ ಮೇಲೆ ಪೆನ್ಸಿಲ್ ಆಡಿಸಿ ಮೊಡವೆ ಅಳಿಸಿ, ಕೆನ್ನೆ ತುಂಬಿಸಿ ಕೊಡುತ್ತಿದ್ದರು. ಅದು ಸುಳ್ಳೇ ಎಂದು ಚರ್ಚಿಸುವುದಕ್ಕಿಂತ, ಸಂಬಂಧ ಕೂಡಿಬರದ ಮನೆಗಳಲ್ಲಿ ಆ ಪಟಗಳು ಏನಾದವು ಎಂದು ಯೋಚಿಸುವುದು ಮೇಲು. ಹಿಂದಿರುಗಿ ಬಂದವು ಕೆಲವು. ಬಾರದಿದ್ದವು ಯಾವ ಮೇಜಿನ ಅರೆಯಲ್ಲಿ ಉಳಿದವೋ.

ಈಗ ಗುಂಪಿನ ಪಟಕ್ಕೆ ಬರುತ್ತೇನೆ. ಮದುವೆಯ ದಿನ ಊಟಕ್ಕೆ ಮೊದಲು ಜಮಖಾನ ಹಾಸಿ, ಮಕ್ಕಳನ್ನು ಮುಂದೆ ಕೂರಿಸಿ, ಹಿರಿಯರಿಗೆ ಕುರ್ಚಿ ಹಾಕಿ, ಎತ್ತರದವರನ್ನು ಹಿಂದೆ ನಿಲ್ಲಿಸುವ ಆ ಗದ್ದಲ ಎಲ್ಲರಿಗೂ ಗೊತ್ತು. ಕ್ಯಾಮೆರಾದ ಹಿಂದೆ ನಿಂತವನಿಗೆ ಮಾತ್ರ ಕಾಣುವ ಇನ್ನೊಂದು ದೃಶ್ಯವಿದೆ. ಎಲ್ಲರೂ ಒಳಕ್ಕೆ ಸರಿಯುತ್ತಿರುವಾಗ ಒಬ್ಬಿಬ್ಬರು ಹೊರಕ್ಕೆ ಸರಿಯುತ್ತಾರೆ. ನಮ್ಮ ಮನೆಗಳಲ್ಲಿ ಹೀಗೆ ಸರಿಯುತ್ತಿದ್ದವರು ಗಂಡನನ್ನು ಕಳೆದುಕೊಂಡ ಹೆಂಗಸರು. ಯಾರೂ ಅವರಿಗೆ ಹೋಗೆಂದು ಹೇಳುತ್ತಿರಲಿಲ್ಲ, ಹೇಳಬೇಕಾಗಿರಲಿಲ್ಲ. ಹಿಂದಿನ ರಾತ್ರಿಯೆಲ್ಲ ಲಾಡು ಕಟ್ಟಿದ ಕೈ ಅವರದು. ಪಟದ ಹೊತ್ತಿಗೆ ಅಡಿಗೆಮನೆಯಲ್ಲಿ ಅವರಿಗೆ ಏನೋ ಕೆಲಸ ನೆನಪಾಗುತ್ತಿತ್ತು.

ನಮ್ಮ ಹತ್ತಿರದ ಬಂಧುಗಳಲ್ಲಿ ಅಂಥವರು ಇಬ್ಬರಿದ್ದರು. ಒಬ್ಬರು ದೊಡ್ಡಮ್ಮ, ಇನ್ನೊಬ್ಬರು ಸೋದರತ್ತೆ. ಒಂದು ಮದುವೆಯಲ್ಲಿ ಇಬ್ಬರನ್ನೂ ಬನ್ನಿರೆಂದು ಕರೆದೆ. ಇಬ್ಬರೂ "ಬೇಡಪ್ಪ" ಎಂದರು. ಒಂದೇ ಮಾತು, ಒಂದೇ ದನಿ. ಸುಧಾರಕ ಮಿತ್ರರು ಕೈಹಿಡಿದು ಎಳೆತಂದು ನಿಲ್ಲಿಸಬೇಕಾಗಿತ್ತೆನ್ನುತ್ತಾರೆ. ಸಂಪ್ರದಾಯದ ಮಿತ್ರರು, ಅವರೇ ಬೇಡವೆಂದ ಮೇಲೆ ನಿನಗೇಕೆ ಎನ್ನುತ್ತಾರೆ. ಈ ಎರಡು ಪಕ್ಷಗಳಿಗೂ ಒಂದು ಸಮಾನವಾದ ಗುಣವಿದೆ: ಇಬ್ಬರೂ ಆ ಹೆಂಗಸರನ್ನು ಇನ್ನೊಮ್ಮೆ ಕೇಳುವ ಗೋಜಿಗೆ ಹೋಗುವುದಿಲ್ಲ.

ಮರುದಿನ ಬೀಗರೆಲ್ಲ ಹೊರಟ ಮೇಲೆ, ಸುರುಳಿಯಲ್ಲಿ ಇನ್ನೂ ಎರಡು ಉಳಿದಿದ್ದವು. ಕ್ಯಾಮೆರಾವನ್ನು ಚೀಲದಲ್ಲೇ ಇಟ್ಟುಕೊಂಡು ಹಿತ್ತಿಲಿಗೆ ಹೋದೆ. ದೊಡ್ಡಮ್ಮ ಪಾತ್ರೆಗಳನ್ನು ಬಿಸಿಲಿಗೆ ಕವುಚುತ್ತಿದ್ದರು. "ದೊಡ್ಡಮ್ಮ, ನಿಮ್ಮದೊಂದು ಪಟ ತೆಗೀಲಾ? ಇಲ್ಲಿ ಯಾರೂ ಇಲ್ಲ" ಎಂದೆ. ಅವರು ಮಾತಾಡದೆ ಒಳಗೆ ಹೋದರು. ಕೋಪ ಬಂದಿರಬೇಕೆಂದುಕೊಂಡೆ. ಐದು ನಿಮಿಷದ ಮೇಲೆ ಮುಖ ತೊಳೆದು, ಇಸ್ತ್ರಿಯ ಮಡಿಕೆ ಕಾಣುವ ಬೇರೊಂದು ಸೀರೆ ಉಟ್ಟು ಬಂದು, ತುಳಸಿಕಟ್ಟೆಯ ಪಕ್ಕ ನಿಂತರು. "ನೆಟ್ಟಗೆ ನಿಂತಿದೀನೇನೋ?" ಎಂದು ಕೇಳಿದರು. ಅತ್ತೆಯನ್ನೂ ಅದೇ ರೀತಿ, ಅದೇ ಏಕಾಂತದಲ್ಲಿ ಕೇಳಿದೆ. ಅವರು ನಕ್ಕು, "ಬೇಡ ಅಂದ್ನಲ್ಲೋ. ನನ್ನ ಮುಖ ನನಗೇ ಸಾಕಾಗಿದೆ. ಗೋಡೆ ಮೇಲೆ ಬೇರೆ ಯಾಕೆ?" ಎಂದರು. ಕ್ಯಾಮೆರಾವನ್ನು ಚೀಲದಿಂದ ಹೊರಗೆ ತೆಗೆಯಲಿಲ್ಲ.

ದೊಡ್ಡಮ್ಮನ ಬೇಡ ಊರಿನದು. ಅತ್ತೆಯ ಬೇಡ ಅವರದೇ. ಜನರ ನಡುವೆ ಕೇಳಿದಾಗ ಎರಡೂ ಒಂದೇ ಥರ ಕೇಳಿಸಿದ್ದವು. ಒಂದು ನಿರಾಕರಣೆ ಯಾರ ಬಾಯಿಂದ ಬಂತೆಂಬುದರಿಂದ ಅದು ಯಾರದೆಂದು ನಿರ್ಣಯವಾಗುವುದಿಲ್ಲ. ಒಂಟಿಯಾಗಿ, ಆಯುಧವನ್ನು ಕೆಳಗಿಟ್ಟು, ಎರಡನೆಯ ಬಾರಿ ಕೇಳಿದಾಗ ಅದು ಸ್ವಲ್ಪಮಟ್ಟಿಗೆ ತಿಳಿದೀತು. ಮೂರನೆಯ ಬಾರಿ ಕೇಳಿದರೆ ಅದು ಪೀಡನೆ.

ಅತ್ತೆ ೧೯೮೧ರಲ್ಲಿ ತೀರಿಕೊಂಡರು. ಹನ್ನೊಂದನೆಯ ದಿನ ಅವರ ಮಗ ನನ್ನ ಬಳಿ ಬಂದು, "ಊರಿಗೆಲ್ಲ ಪಟ ತೆಗೆದವನು ನೀನು, ನಮ್ಮಮ್ಮನದು ಒಂದೂ ಇಲ್ಲವೆಂದರೆ ನಂಬಲೇ?" ಎಂದ. ಆಗಿನ ಮನೆಗಳಲ್ಲಿ ಗುಂಪಿನ ಪಟದಿಂದ ಒಂದು ತಲೆಯನ್ನು ಬೇರ್ಪಡಿಸಿ ದೊಡ್ಡದು ಮಾಡಿಸಿ ಚೌಕಟ್ಟು ಹಾಕಿಸುತ್ತಿದ್ದುದು ವಾಡಿಕೆ. ಪಕ್ಕದವರ ಭುಜವೋ ಮಗುವಿನ ಕೈಯೋ ಅಂಚಿನಲ್ಲಿ ಉಳಿದುಬಿಟ್ಟಿರುವ ಅಂಥ ಅಜ್ಜ ಅಜ್ಜಿಯರನ್ನು ವಾಚಕರೂ ಕಂಡಿರಬಹುದು. ಅತ್ತೆಗೆ ಆ ಭುಜವೂ ಇಲ್ಲ. ಮೊಮ್ಮಕ್ಕಳು ಅಜ್ಜಿ ಹೇಗಿದ್ದಳೆಂದು ಕೇಳಿದರೆ ತೋರಿಸಲು ಏನೂ ಇಲ್ಲ. ಕಿಟಕಿಯ ಮರೆಯಿಂದ ಅವರಿಗೆ ತಿಳಿಯದಂತೆ ಒಂದು ತೆಗೆದಿಟ್ಟಿದ್ದರೆ ಯಾರಿಗೆ ಏನು ನಷ್ಟವಾಗುತ್ತಿತ್ತು? ಸತ್ತವರಿಗೆ ನೋವಿಲ್ಲ, ಬದುಕಿರುವವರಿಗೆ ಸಮಾಧಾನವಿದೆ. ಲೆಕ್ಕ ಬಲು ನೇರವಾಗಿ ಕಾಣುತ್ತದೆ.

ಆದರೂ ನಾನು ಆ ಲೆಕ್ಕವನ್ನು ಒಪ್ಪಲಾರೆ. ಮುಖ ಯಾರದು ಎಂಬ ಪ್ರಶ್ನೆಗೆ, ಅದನ್ನು ಹೆಚ್ಚು ಪ್ರೀತಿಸುವವರದು ಎಂದು ಉತ್ತರ ಕೊಟ್ಟರೆ ಕೇಳಲು ಹಿತವಾಗಿರುತ್ತದೆ. ಆದರೆ ಪ್ರೀತಿಯ ಹೆಸರಿನಲ್ಲಿ ನಮ್ಮ ಸಂಸಾರಗಳು ಹೆಂಗಸರಿಂದ ಏನೇನನ್ನು ತೆಗೆದುಕೊಂಡಿವೆಯೋ ಆ ಪಟ್ಟಿಗೆ ಇದೂ ಒಂದು ಸೇರುತ್ತದಷ್ಟೆ. ಅತ್ತೆಗೆ ತನ್ನದೆಂದು ಹೇಳಿಕೊಳ್ಳಲು ಇದ್ದದ್ದೇ ಸ್ವಲ್ಪ. ಬೇಡವೆನ್ನುವ ಸ್ವಾತಂತ್ರ್ಯವೂ ಅದರಲ್ಲೊಂದು.

ಫ್ರಾನ್ಸಿನ ವಿಮರ್ಶಕ ರೋಲಾಂ ಬಾರ್ತ್ ೧೯೮೦ರಲ್ಲಿ ಛಾಯಾಚಿತ್ರವನ್ನು ಕುರಿತು ಒಂದು ಪುಸ್ತಕ ಪ್ರಕಟಿಸಿದ. ೧೯೭೭ರಲ್ಲಿ ತಾಯಿ ಸತ್ತ ಮೇಲೆ ಹಳೆಯ ಪಟಗಳಲ್ಲಿ ಆಕೆಯನ್ನು ಹುಡುಕುತ್ತ ಹೋದ ಅವನಿಗೆ, ಆಕೆ ಐದು ವರ್ಷದವಳಾಗಿದ್ದಾಗಿನ ಒಂದು ಪಟದಲ್ಲಿ ನಿಜವಾದ ತಾಯಿ ಸಿಕ್ಕಿದಳಂತೆ. ಪುಸ್ತಕದಲ್ಲಿ ಬೇರೆ ಪಟಗಳು ಬೇಕಾದಷ್ಟಿವೆ. ಅದೊಂದನ್ನು ಮಾತ್ರ ಅವನು ಅಚ್ಚು ಹಾಕಿಸಲಿಲ್ಲ. ನೋಡುವ ಇತರರಿಗೆ ಅದು ಯಾವುದೋ ಒಂದು ಮಗುವಿನ ಪಟವಾಗಿಬಿಡುತ್ತದೆ ಎಂಬುದು ಅವನ ಭಾವನೆ. ಇದಕ್ಕೆ ತೀರ ಬೇರೆಯಾದ ಉದಾಹರಣೆ ನಮ್ಮ ದೇಶದಲ್ಲೇ ಇದೆ. ಚಿತ್ರಕಲಾವಿದೆ ಅಮೃತಾ ಶೇರ್‌ಗಿಲ್‌ಳ ತಂದೆ ಉಮರಾವ್ ಸಿಂಗ್ ಶ್ರೇಷ್ಠ ಹವ್ಯಾಸಿ. ೧೯೫೪ರಲ್ಲಿ ತೀರಿಕೊಂಡ ಆತ ಹೆಂಡತಿಯನ್ನೂ ಇಬ್ಬರು ಹೆಣ್ಣುಮಕ್ಕಳನ್ನೂ ತನ್ನನ್ನೂ ದಶಕಗಟ್ಟಲೆ ಚಿತ್ರಿಸಿದ. ಮೊಮ್ಮಗ ವಿವಾನ್ ಸುಂದರಂ ೨೦೦೧ರ ಸುಮಾರಿಗೆ ಆ ಪಟಗಳನ್ನು ಗಣಕಯಂತ್ರದಲ್ಲಿ ಒಂದರೊಳಗೊಂದು ಬೆಸೆದು, ಬೇರೆ ಬೇರೆ ಕಾಲದವರು ಒಂದೇ ಕೋಣೆಯಲ್ಲಿ ಇರುವಂತೆ ಹೊಸ ಚಿತ್ರಗಳನ್ನು ರಚಿಸಿದ. ಅವು ಸೊಗಸಾಗಿವೆ. ಆದರೆ ಅಪ್ಪನ ಮುಂದೆ ನಿಂತ ಮಗಳು ಒಪ್ಪಿದ್ದು ಅಪ್ಪನಿಗೆ; ಇನ್ನೂ ಹುಟ್ಟದ ಅಕ್ಕತಂಗಿಯರ ಮಕ್ಕಳಿಗೂ ಅವಳ ಒಪ್ಪಿಗೆ ಸಲ್ಲುತ್ತದೆಯೇ? ನನ್ನ ಬಳಿ ಇದಕ್ಕೆ ಸಿದ್ಧ ಉತ್ತರವಿಲ್ಲ. ಆ ಮನೆಯವರು ಪಟಕ್ಕೆ ನಿಲ್ಲುವುದನ್ನು ನಾಟಕದಂತೆ ಆನಂದಿಸಿದವರೆಂದು ಪಟಗಳೇ ಹೇಳುತ್ತವೆ. ಬಹುಶಃ ಅದರಿಂದ ವ್ಯತ್ಯಾಸವಾಗುತ್ತದೆ.

ಕಾನೂನನ್ನು ಕೇಳೋಣವೆಂದರೆ ಅದು ಹೊಸ್ತಿಲಲ್ಲೇ ನಿಂತುಬಿಡುತ್ತದೆ. ೧೯೫೭ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಹಣ ಕೊಟ್ಟು ತೆಗೆಸಿದ ಪಟದ ಹಕ್ಕು, ಬೇರೆ ಒಪ್ಪಂದವಿಲ್ಲದಿದ್ದರೆ, ತೆಗೆಸಿದವರದು. ನೆಂಟ ಬಿಟ್ಟಿಯಾಗಿ ತೆಗೆದರೆ ಹಕ್ಕು ನೆಂಟನದೇ. ಪಟದಲ್ಲಿರುವವರ ಸುದ್ದಿಯೇ ಇಲ್ಲ. ಕರ್ನಾಟಕದ ಉಚ್ಚ ನ್ಯಾಯಾಲಯದಲ್ಲಿ ನ್ಯಾಯಾಧೀಶರಾಗಿದ್ದ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ ೨೦೧೭ರ ಆಗಸ್ಟ್ ೨೪ರಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಾಧೀಶರ ಪೀಠ ಖಾಸಗಿತನ ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿತು. ದೊಡ್ಡ ತೀರ್ಪು. ಆದರೆ ೨೦೨೩ರಲ್ಲಿ ಬಂದ ದತ್ತಾಂಶ ರಕ್ಷಣೆಯ ಕಾಯಿದೆ, ವ್ಯಕ್ತಿಯೊಬ್ಬ ಸ್ವಂತಕ್ಕಾಗಿ ಅಥವಾ ಮನೆಯ ಬಳಕೆಗಾಗಿ ಮಾಡುವುದಕ್ಕೆ ತಾನು ಅನ್ವಯಿಸುವುದಿಲ್ಲವೆಂದು ಹೇಳಿದೆ. ಅದು ಸರಿಯೇ. ಸೋದರತ್ತೆಯ ಹಿತ್ತಿಲಿಗೆ ಪೊಲೀಸರು ಬರಬೇಕೆಂದು ಯಾರೂ ಬಯಸುವುದಿಲ್ಲ.

ಹನ್ನೆರಡು ಪಟಗಳ ಕಾಲ ಹೋಯಿತು. ಈಗ ಛತ್ರದಲ್ಲಿ ಪ್ರತಿಯೊಬ್ಬನ ಕೈಯಲ್ಲೂ ಮೊಬೈಲಿದೆ. ಧಾರೆಯ ನೀರು ಕೆಳಗೆ ಬೀಳುವ ಮೊದಲೇ ಅದರ ಪಟ ಅಮೆರಿಕದಲ್ಲಿರುವ ಚಿಕ್ಕಪ್ಪನಿಗೆ ತಲುಪಿರುತ್ತದೆ. ಇದನ್ನು ಹಳಿಯುವ ಮನಸ್ಸು ನನಗಿಲ್ಲ. ಆ ಚಿಕ್ಕಪ್ಪನ ಸಂತೋಷ ನಿಜವಾದದ್ದು. ಎಷ್ಟೋ ಮನೆಗಳಲ್ಲಿ ದೊಡ್ಡಮ್ಮಂದಿರು ಈಗ ಯಾರ ಅಪ್ಪಣೆಗೂ ಕಾಯದೆ ತಮ್ಮ ಪಟವನ್ನು ತಾವೇ ತೆಗೆದುಕೊಳ್ಳುತ್ತಾರೆ. ಆದರೆ ಬೇಡವೆನ್ನುವುದಕ್ಕೆ ಈಗ ಹೊತ್ತೇ ಇಲ್ಲ. ಅಂದು ನಾನು ಚೀಲದ ಗುಂಡಿ ಬಿಚ್ಚುವಷ್ಟರಲ್ಲಿ ಅತ್ತೆ ಮೂರು ಸಲ ಬೇಡವೆನ್ನಬಹುದಾಗಿತ್ತು.

ಬೇಡವೆನ್ನಲು ಬಾಯೇ ಬಾರದವರ ಮಾತು ಇನ್ನೊಂದು. ಕಳೆದ ವರ್ಷ ನಮ್ಮ ತಮ್ಮನ ಮೊಮ್ಮಗುವಿನ ನಾಮಕರಣಕ್ಕೆ ಎಂದಿನಂತೆ ಕ್ಯಾಮೆರಾ ಹಿಡಿದು ಹೋಗಿದ್ದೆ. ಮಗುವಿನ ತಾಯಿ ನನ್ನನ್ನು ಪಕ್ಕಕ್ಕೆ ಕರೆದು, "ದೊಡ್ಡಮಾವ, ಬೇಸರ ಮಾಡ್ಕೋಬೇಡಿ. ಮುಖ ಬರೋ ಹಾಗೆ ಬೇಡ. ಅವಳು ದೊಡ್ಡವಳಾದ ಮೇಲೆ ಅವಳೇ ಹೇಳಲಿ" ಎಂದಳು. ಹಿರಿಯರಲ್ಲಿ ಗುಸುಗುಸು ಎದ್ದಿತು. ದೃಷ್ಟಿಯಾಗುತ್ತದೆಂದು ಇರಬೇಕೆಂದು ಒಬ್ಬರು, ಓದಿದ ಹೆಚ್ಚುಗಾರಿಕೆ ಎಂದು ಇನ್ನೊಬ್ಬರು. ನಾನು ತೊಟ್ಟಿಲಿನ ಹಗ್ಗ, ಕಿವಿಯಲ್ಲಿ ಹೆಸರು ಹೇಳಲು ಬಾಗಿದ ಸೋದರತ್ತೆಯ ಬೆನ್ನು, ಕಾಲ್ಗೆಜ್ಜೆ ಹಾಕಿದ ಎರಡು ಪಾದ, ಇಷ್ಟನ್ನು ತೆಗೆದುಕೊಟ್ಟೆ. ಚೆನ್ನಾಗಿಯೇ ಬಂದಿವೆ. ಮಗುವಿನ ತಾತನಿಗೆ ಮಾತ್ರ ಸಮಾಧಾನವಿಲ್ಲ. ಪಾದದ ಪಟವನ್ನು ಗೋಡೆಗೆ ಹಾಕಿದರೆ ಬಂದವರು ಯಾವ ಸ್ವಾಮಿಗಳದೆಂದು ಕೇಳುತ್ತಾರೆಂದು ದೂರುತ್ತಿದ್ದಾನೆ.